ಹಳ್ಳಿಯ ದೇವಾಲಯಕ್ಕೆ ಟೈಲ್ಸ್ ಹಾಕಿಸಿದೆವು; ಸಭೆಯನ್ನು ಉಳಿಸಿಕೊಳ್ಳುವುದು ಹೇಗೆ?

ಹಳೇ ಹಾರ್ಮೋನಿಯಂ, ಬೆಂಗಳೂರು

ಎಲ್ಲರಿಗೂ ವಂದನೆಗಳು. ಕಳೆದ ತಿಂಗಳು ನಮ್ಮ ದೊಡ್ಡಮ್ಮನವರ ಮಣ್ಣಿಗೆಂದು ತುಮಕೂರು ಜಿಲ್ಲೆಯ ನಮ್ಮ ಊರಿಗೆ ಹೋಗಿದ್ದೆ. ಮಣ್ಣಾದದ್ದು ಶನಿವಾರ. ಸಾಮಾನ್ಯವಾಗಿ ಅದೇ ಸಂಜೆಯ ಬಸ್ಸಿಗೆ ಮೆಜೆಸ್ಟಿಕ್ ಸೇರಿಬಿಡುವ ನಾನು ಈ ಸಲ ಉಳಿದುಕೊಂಡೆ. ಹೀಗಾಗಿ ಕ್ರಿಸ್‌ಮಸ್ಸೂ ಅಲ್ಲದ, ಸುಗ್ಗಿ ಹಬ್ಬವೂ ಅಲ್ಲದ ಒಂದು ಬರಿಯ ಭಾನುವಾರ ನಮ್ಮ ಕ್ರೈಸ್ತ ಸಭೆ ಹೇಗಿರುತ್ತದೆ ಎಂಬುದನ್ನು ಸುಮಾರು ಇಪ್ಪತ್ತು ವರ್ಷಗಳ ನಂತರ ನೋಡಿದೆ.

ಆರಾಧನೆ ಹತ್ತು ಗಂಟೆಗೆಂದು ಬೋರ್ಡಿನಲ್ಲಿದೆ. ಹತ್ತೂಮುಕ್ಕಾಲಿಗೆ ಶುರುವಾದಾಗ ನನ್ನನ್ನೂ ಸೇರಿಸಿ ಹನ್ನೊಂದು ಜನರಿದ್ದೆವು. ಅವರಲ್ಲಿ ಏಳು ಮಂದಿ ಅರವತ್ತು ದಾಟಿದ ಹೆಂಗಸರು. ಸಭಾಪಾಲಕರ ಪಾಲಿಗೆ ಏಳು ಊರುಗಳಿರುವುದರಿಂದ ಅವರು ಬರುವುದು ತಿಂಗಳಿಗೊಮ್ಮೆ, ಅಂದು ಬರುವ ವಾರವಾಗಿರಲಿಲ್ಲ. ದೊಡ್ಡಮ್ಮನ ವಾರಗಿತ್ತಿಯೊಬ್ಬರು ಕನ್ನಡಕ ಹುಡುಕಿಕೊಂಡು ಒಂದು ಕೀರ್ತನೆ ಓದಿದರು. ಎರಡು ಹಾಡು ಹಾಡಿ, ಕರ್ತನ ಪ್ರಾರ್ಥನೆ ಹೇಳಿ ಎದ್ದೆವು. ಎಲ್ಲ ಸೇರಿ ಇಪ್ಪತ್ತೈದು ನಿಮಿಷ.

ಜನ ಕಡಿಮೆ ಇದ್ದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಬಾಗಿಲ ಪಕ್ಕದ ಕಲ್ಲು. ಮೂರು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ನಮ್ಮೂರಿನವರೆಲ್ಲ ಹಣ ಸೇರಿಸಿ ಆ ದೇವಾಲಯಕ್ಕೆ ಟೈಲ್ಸ್ ಹಾಕಿಸಿದೆವು, ಮೈಕ್ ಸೆಟ್ ಕೊಡಿಸಿದೆವು, ಗೋಡೆಗೆ ಬಣ್ಣ ಹೊಡೆಸಿದೆವು, ಕೊನೆಗೆ ಕೊಟ್ಟವರ ಹೆಸರುಗಳನ್ನು ಕಪ್ಪು ಗ್ರಾನೈಟಿನಲ್ಲಿ ಕೆತ್ತಿಸಿ ಕೂರಿಸಿದೆವು. ಆ ಕಲ್ಲಿನಲ್ಲಿ ಇಪ್ಪತ್ತಾರು ಹೆಸರುಗಳಿವೆ, ನನ್ನದೂ ಒಂದು. ಒಳಗೆ ಕೂತವರು ಹನ್ನೊಂದು. ಮೈಕ್ ಸೆಟ್ ಬೀರುವಿನಲ್ಲಿ ಭದ್ರವಾಗಿದೆ. ಹನ್ನೊಂದು ಜನಕ್ಕೆ ಮೈಕ್ ಯಾತಕ್ಕೆ? ಹಿತ್ತಿಲಲ್ಲಿರುವ ಉಪದೇಶಿ (ಊರಿನಲ್ಲಿಯೇ ಇದ್ದು ಸಭೆ ನೋಡಿಕೊಳ್ಳುವ ಸೇವಕರು) ಮನೆಗೆ ಬೀಗ ಬಿದ್ದು ಹನ್ನೆರಡು ವರ್ಷವಾಯಿತಂತೆ.

ಇಂಗ್ಲೆಂಡಿನ ಮೆಥಡಿಸ್ಟರ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆಯೂರಿದ್ದು 1830ರ ದಶಕದ ಕೊನೆಯಲ್ಲಿ. ನಮ್ಮ ಸೀಮೆಯ ಸಭೆಗಳ ಕಥೆ ಅಲ್ಲಿಂದಲೇ ಶುರುವಾಗುತ್ತದೆ. ಬರಗಾಲವನ್ನೂ ಪ್ಲೇಗನ್ನೂ ದಾಟಿ ಬಂದ ಸಭೆಗಳು ರಸ್ತೆ, ಕರೆಂಟು, ಬಸ್ಸು ಎಲ್ಲವೂ ಬಂದ ಮೇಲೆ ಬಡವಾಗಿರುವುದು ಏಕೆ, ಬೆಂಗಳೂರಿನಲ್ಲಿ ಕುಳಿತ ನಮ್ಮಂಥವರು ಇದಕ್ಕೆ ಮಾಡಬಹುದಾದದ್ದು ಏನು ಎಂಬುದು ನನ್ನ ಪ್ರಶ್ನೆ. ಪ್ರಾರ್ಥಿಸೋಣ ಎಂದು ಬರೆಯುವವರು ಪ್ರಾರ್ಥಿಸಿದ ಮೇಲೆ ಏನು ಮಾಡಬೇಕು ಎಂಬುದನ್ನೂ ಒಂದು ಸಾಲು ಬರೆಯಬೇಕೆಂದು ವಿನಂತಿ.

ನಿವೃತ್ತ ಸಭಾಪಾಲಕ, ಚಿಕ್ಕಬಳ್ಳಾಪುರ

ಹಾರ್ಮೋನಿಯಂ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಬರಹದಲ್ಲಿಯೇ ಇದೆ. ನೀವು ಅದನ್ನು ಕೊನೆಗೆ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಉಪದೇಶಿ ಮನೆಗೆ ಬೀಗ ಬಿದ್ದಿದೆ.

ನಾನು ಮೂವತ್ತನಾಲ್ಕು ವರ್ಷ ಸೇವೆಯಲ್ಲಿದ್ದೆ. ಒಂದು ಅವಧಿಯಲ್ಲಿ ಒಂಬತ್ತು ಊರುಗಳನ್ನು ಒಂದು ಲೂನಾದ ಮೇಲೆ ಸುತ್ತುತ್ತಿದ್ದೆ. ಒಂಬತ್ತು ಊರಿನ ಅಯ್ಯನವರು ಎಂದರೆ ಯಾವ ಊರಿಗೂ ಸೇರದ ಅಯ್ಯನವರು ಎಂದೇ ಅರ್ಥ. ದೀಕ್ಷಾಸ್ನಾನ, ಮದುವೆ, ಮಣ್ಣು, ಕರ್ತನ ಭೋಜನ ಇವಕ್ಕೆ ಬರುತ್ತಿದ್ದೆ, ಮುಗಿಸಿ ಹೊರಡುತ್ತಿದ್ದೆ. ಮಗುವಿಗೆ ಜ್ವರ ಬಂದ ರಾತ್ರಿ ಆ ಮನೆಯಲ್ಲಿ ಕೂತವರು, ಕುಡಿದು ಬಂದ ಗಂಡನಿಗೆ ಗದರಿದವರು, ಸಂಡೇ ಸ್ಕೂಲಿನ ಹುಡುಗರಿಗೆ ಬಾಯಿಪಾಠ ಕಲಿಸಿದವರು ಉಪದೇಶಿಗಳು ಮತ್ತು ಅವರ ಹೆಂಡತಿಯರು.

ಉಪದೇಶಿ ವ್ಯವಸ್ಥೆ ಹೋದದ್ದು ಭಕ್ತಿ ಕಡಿಮೆಯಾದದ್ದರಿಂದ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಿಜವಾದ ಕಾರಣ ಸಂಬಳ. ಮಿಷನ್ ಕಾಲದಲ್ಲಿ ಬಹಳಷ್ಟು ಹಳ್ಳಿಗಳಲ್ಲಿ ಶಾಲೆಯ ಮೇಷ್ಟರೂ ಉಪದೇಶಿಯೂ ಒಬ್ಬರೇ ಆಗಿದ್ದರು. ವಾರದಲ್ಲಿ ಐದಾರು ದಿನ ಶಾಲೆ, ಭಾನುವಾರ ಆರಾಧನೆ. ಅನ್ನ ಬರುತ್ತಿದ್ದದ್ದು ಶಾಲೆಯಿಂದ. ಸರ್ಕಾರಿ ಶಾಲೆಗಳು ಊರೂರಿಗೆ ಬಂದವು, ಅದು ಒಳ್ಳೆಯದೇ ಆಯಿತು. ಆದರೆ ಮಿಷನ್ ಶಾಲೆ ಮುಚ್ಚಿದಾಗ ಮೇಷ್ಟರ ಜೊತೆಗೆ ಉಪದೇಶಿಯೂ ಹೋದರು. ಹೊರದೇಶದ ಹಣ ಕಡಿಮೆಯಾದ ಮೇಲೆ ಆ ಜಾಗವನ್ನು ಸ್ಥಳೀಯ ಕಾಣಿಕೆಯಿಂದ ತುಂಬಿಸಿಕೊಳ್ಳುವ ಅಭ್ಯಾಸವನ್ನು ನಾವು ಯಾರಿಗೂ ಕಲಿಸಿರಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿದಾಗ ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತು ಅದಕ್ಕೂ ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಒಂದೇ ಮನೆಗೆ ಬಂದರು. ಅದು ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ ಹಳ್ಳಿಯಲ್ಲಿ ಭಾನುವಾರ ಬಾಗಿಲು ತೆರೆಯುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಮೆಥಡಿಸ್ಟರಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು, ಇಂಗ್ಲೆಂಡಿನಲ್ಲಿ ಇಂದಿಗೂ ಇದೆ. ಒಂದು ಸರ್ಕೀಟಿಗೆ (ಸಭೆಗಳ ಗುಂಪಿಗೆ) ಸೇರಿದ ಎಲ್ಲ ಊರುಗಳಿಗೂ ಮೂರು ತಿಂಗಳಿಗೊಮ್ಮೆ 'ಪ್ಲಾನ್' ಎಂಬ ಪಟ್ಟಿ ಹೊರಡುತ್ತದೆ. ಯಾವ ಭಾನುವಾರ ಯಾವ ಊರಿನಲ್ಲಿ ಯಾರು ಪ್ರಸಂಗ ಮಾಡುತ್ತಾರೆಂದು ಅದರಲ್ಲಿ ಬರೆದಿರುತ್ತದೆ, ಆ ಹೆಸರುಗಳಲ್ಲಿ ಬಹುಪಾಲು ಪಾಲಕರಾಗಿ ಅಭಿಷೇಕವಾಗದ ಸಾಮಾನ್ಯ ಸಭಿಕರದು. ತರಬೇತಿ ಪಡೆದ ಬಡಗಿಯೂ ಮೇಷ್ಟರೂ ಪೀಠ ಏರುತ್ತಾರೆ. ಪಟ್ಟಿಯಲ್ಲಿ ಹೆಸರು ಇದ್ದ ಮೇಲೆ ಹನ್ನೊಂದು ಜನರಿದ್ದರೂ ಆತ ಹೋಗಲೇಬೇಕು. ಆ ಪಟ್ಟಿಯನ್ನು ನಾವು ಮತ್ತೆ ಶುರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಬಣ್ಣ ಆಮೇಲೆ ಹೊಡೆಸಿಕೊಳ್ಳಬಹುದು.

ಲೆಕ್ಕ ಬಲ್ಲವನು, ಬೆಂಗಳೂರು

ಅಯ್ಯನವರ ಅನುಭವಕ್ಕೆ ಗೌರವ ಸಲ್ಲಿಸುತ್ತಲೇ ಒಂದು ಅಪ್ರಿಯ ಮಾತು ಹೇಳುತ್ತೇನೆ. ಹನ್ನೊಂದು ಜನರ ಸಭೆಯನ್ನು, ಅದರಲ್ಲಿ ಏಳು ಮಂದಿ ವೃದ್ಧರಿರುವಾಗ, ಇನ್ನು ಹದಿನೈದು ವರ್ಷ ಕೃತಕವಾಗಿ ಉಸಿರಾಡಿಸುವುದು ಯಾರಿಗೆ ಉಪಕಾರ? ತಾಲ್ಲೂಕು ಕೇಂದ್ರದಲ್ಲಿ ಒಂದು ಗಟ್ಟಿಯಾದ ಸಭೆ ಇರಲಿ, ಸುತ್ತಲಿನ ಆರೇಳು ಊರುಗಳಿಂದ ಭಾನುವಾರ ಬೆಳಿಗ್ಗೆ ಆಟೋ ಅಥವಾ ಟೆಂಪೋ ಮಾಡಿ ಜನರನ್ನು ಕರೆತರೋಣ. ಒಂದು ಗಾಡಿಯ ವರ್ಷದ ಬಾಡಿಗೆ ಒಂದು ದೇವಾಲಯದ ಸೂರು ರಿಪೇರಿಗಿಂತ ಕಡಿಮೆಯಾಗುತ್ತದೆ. ಮಕ್ಕಳಿಗೆ ಹತ್ತಾರು ಜೊತೆಗಾರರಿರುವ ಸಂಡೇ ಸ್ಕೂಲ್ ಸಿಗುತ್ತದೆ, ಯುವಕರಿಗೆ ಗಾನವೃಂದ ಸಿಗುತ್ತದೆ. ಭಾವನೆಗಳಿಗಾಗಿ ಕಟ್ಟಡಗಳನ್ನು ಸಾಕುವುದು ಬೇಡ.

ರಾಗಿ ಡಬ್ಬ, ಗೌರಿಬಿದನೂರು ಕಡೆ

ಲೆಕ್ಕ ಬಲ್ಲವರೇ, ನಿಮ್ಮ ಲೆಕ್ಕದಲ್ಲಿ ಸ್ಮಶಾನ ಬಿಟ್ಟುಹೋಗಿದೆ. ತಾಲ್ಲೂಕು ಸಭೆಗೆ ಟೆಂಪೋದಲ್ಲಿ ಹೋಗಿ ಬರಬಹುದು. ಹೆಣ ಹೊರುವುದಕ್ಕೆ ಊರಿನವರೇ ಬೇಕು. ನಮ್ಮ ಕಡೆ ಒಂದು ಊರಿನಲ್ಲಿ ನೀವು ಹೇಳಿದ ಹಾಗೆಯೇ ಗಾಡಿ ಮಾಡಿದ್ದರು. ಮೊದಲ ತಿಂಗಳು ಹದಿನಾಲ್ಕು ಜನ ಹತ್ತಿದರು, ಆರನೆಯ ತಿಂಗಳಿಗೆ ಮೂವರು. ಪಟ್ಟಣದ ಸಭೆಯಲ್ಲಿ ನಮ್ಮ ಹೆಂಗಸರು ಕೊನೆಯ ಬೆಂಚಿನಲ್ಲಿ ಕೂತು ಬರುತ್ತಿದ್ದರು, ಯಾರೂ ಅವರಿಗೆ ವಾಕ್ಯ ಓದಲು ಕೊಡಲಿಲ್ಲ. ಊರಿನ ದೇವಾಲಯದಲ್ಲಿ ಕನ್ನಡಕ ಹುಡುಕಿಕೊಂಡಾದರೂ ಕೀರ್ತನೆ ಓದುವ ಆ ತಾಯಿ ಅಲ್ಲಿ ಬರಿಯ ಪ್ರಯಾಣಿಕಳಾಗುತ್ತಾಳೆ.

ನಾನು ನಮ್ಮ ಊರಿನ ಸ್ತ್ರೀಯರ ಕೂಟವನ್ನು ಒಂಬತ್ತು ವರ್ಷಗಳಿಂದ ನಡೆಸುತ್ತಿದ್ದೇನೆ. ನಮ್ಮ ಅನುಭವದಲ್ಲಿ ಸಭೆ ಸೊರಗಿದ್ದಕ್ಕೆ ಒಂದು ದೊಡ್ಡ ಕಾರಣ ಗಡಿಯಾರ. ಹತ್ತು ಗಂಟೆಯ ಆರಾಧನೆ ಸಂಬಳದವರ ಹೊತ್ತು. ಡೈರಿಗೆ ಹಾಲು ಹಾಕಿ ಬಂದು, ದನಕ್ಕೆ ಮೇವು ಹಾಕಿ, ಸೇವಂತಿಗೆ ಕೀಳುವ ಕಾಲವಾದರೆ ಹೂವಿನ ಕೆಲಸವನ್ನೂ ಮುಗಿಸಿ, ಸ್ನಾನ ಮಾಡಿ ಹತ್ತಕ್ಕೆ ಬಾ ಎಂದರೆ ಯಾರು ಬರುತ್ತಾರೆ? ಮಾರ್ಕೆಟ್ಟಿಗೆ ಹೂವು ಕಳುಹಿಸುವವರಿಗೆ ಭಾನುವಾರ ಎಂಬುದೇ ಇಲ್ಲ. ನಾವು ಅಯ್ಯನವರ ಒಪ್ಪಿಗೆ ಪಡೆದು ಆರಾಧನೆಯನ್ನು ರಾತ್ರಿ ಏಳೂಮುಕ್ಕಾಲಿಗೆ, ಸಂಜೆಯ ಹಾಲು ಹಾಕಿ ಬಂದ ಮೇಲೆ, ಇಟ್ಟುಕೊಂಡೆವು. ಒಂದೇ ತಿಂಗಳಲ್ಲಿ ಗಂಡಸರು ಬರತೊಡಗಿದರು. ಏನೂ ಪವಾಡವಲ್ಲ, ಅವರಿಗೆ ಆ ಹೊತ್ತು ಬಿಡುವಿತ್ತು ಅಷ್ಟೆ.

ಟೈಲ್ಸ್ ಬಗ್ಗೆ ಒಂದು ಮಾತು, ಹಾರ್ಮೋನಿಯಂ ಅಣ್ಣನವರು ಬೇಸರ ಮಾಡಿಕೊಳ್ಳಬಾರದು. ನಮ್ಮಲ್ಲಿಯೂ ಬೆಂಗಳೂರಿನವರು ಹಾಕಿಸಿಕೊಟ್ಟರು. ಹಳೆಯ ಕಡಪ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದು ಚಾಪೆಯ ಮೇಲೆ ಕೂರುತ್ತಿದ್ದ ಅಜ್ಜಿಯರಿಗೆ ಈಗ ಮಳೆಗಾಲದಲ್ಲಿ ಒಳಗೆ ಕಾಲಿಡಲು ಭಯ. ಒಬ್ಬರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಕೊಡುವ ಮೊದಲು ಏನು ಬೇಕು ಎಂದು ಯಾರೂ ಕೇಳಿರಲಿಲ್ಲ.

ಇನ್ನು ಹಣದ ವಿಷಯ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಹೆಂಗಸರು ಅನ್ನ ಮಾಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ಕರ್ತನಿಗೆಂದು ಬೇರೆ ಇಡುವ ಪದ್ಧತಿ 1910ರಿಂದ ನಡೆದುಬಂದಿದೆ. ಅದರಿಂದಲೇ ಆ ಬಡ ಗುಡ್ಡಗಾಡಿನ ಸಭೆ ತನ್ನ ಸೇವಕರನ್ನು ತಾನೇ ಸಾಕಿಕೊಂಡಿತು. ನಾವು ಅದನ್ನು ಕೇಳಿ ಮನೆಮನೆಗೆ ಒಂದು ರಾಗಿ ಡಬ್ಬ ಇಟ್ಟೆವು. ಸುಗ್ಗಿ ಹಬ್ಬದ ಹರಾಜಿನಲ್ಲಿ ಆ ರಾಗಿಯನ್ನೂ ಕುಂಬಳಕಾಯಿಗಳನ್ನೂ ಕೂಗುತ್ತೇವೆ. ಹೋದ ವರ್ಷ ಒಂದು ಕುಂಬಳಕಾಯಿಯನ್ನು ನಾಲ್ಕು ಜನ ಕೊಂಡು ನಾಲ್ಕು ಸಲವೂ ಮತ್ತೆ ಕಾಣಿಕೆಗೆ ಕೊಟ್ಟರು. ಕೊನೆಗೆ ಅದು ಸಾರಾಯಿತು. ವಾರವಾರ ಪಕ್ಕದ ಊರಿನಿಂದ ಬಂದು ಮಕ್ಕಳಿಗೆ ಕಲಿಸುವ ಹುಡುಗಿಯ ಬಸ್ ಚಾರ್ಜು ಮತ್ತು ಗೌರವಧನ ಅದರಿಂದಲೇ ಹೊರಡುತ್ತದೆ.

ಸತ್ತಿಹಳ್ಳಿ ಸಂಬಂಧ, ಬೆಂಗಳೂರು

ನಾನು ಕಥೋಲಿಕ. ನಿಮ್ಮ ಚರ್ಚೆಯಲ್ಲಿ ಒಂದು ಮಾತು ಸೇರಿಸಲು ಅನುಮತಿ ಕೋರುತ್ತೇನೆ.

ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ದೇವಾಲಯವನ್ನು ಎಲ್ಲರೂ ನೋಡಿದ್ದೀರಿ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಬೆಂಗಳೂರಿನಿಂದ ಜೋಡಿಗಳು ಮದುವೆ ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ. ಆ ಕಟ್ಟಡ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಪಾದ್ರಿಗಳದು. ನೀರು ಬಂದಾಗ ಜನ ಎತ್ತರದ ಜಾಗಗಳಿಗೆ ಎದ್ದುಹೋದರು, ಹೊಸ ಊರು ಕಟ್ಟಿದರು, ಹೊಸ ದೇವಾಲಯದಲ್ಲಿ ಪೂಜೆ ಮುಂದುವರಿಯಿತು. ಪಾಳುಗೋಡೆ ನೋಡಲು ಸಾವಿರಾರು ಜನ ಬರುತ್ತಾರೆ, ಎದ್ದುಹೋದ ಸಭೆಯನ್ನು ಕೇಳುವವರಿಲ್ಲ. ಕಟ್ಟಡ ಹೋದರೂ ಸಭೆ ಉಳಿಯಬಲ್ಲದು ಎಂಬಷ್ಟರ ಮಟ್ಟಿಗೆ ಲೆಕ್ಕ ಬಲ್ಲವರ ಮಾತು ಸರಿ. ಆದರೆ ಅಲ್ಲಿ ಊರಿಗೆ ಊರೇ ಒಟ್ಟಿಗೆ ಎದ್ದುಹೋಯಿತು ಎಂಬುದನ್ನು ಮರೆಯಬಾರದು. ಒಬ್ಬೊಬ್ಬರನ್ನೇ ಕಿತ್ತು ಟೆಂಪೋದಲ್ಲಿ ಕೂರಿಸುವುದು ಬೇರೆ ವಿಷಯ.

ಕನಕಪುರ ಕಡೆಯ ಹಾರೋಬೆಲೆಯನ್ನು ಇನ್ನೊಂದು ಉದಾಹರಣೆಯಾಗಿ ಹೇಳುತ್ತೇನೆ. ಅಲ್ಲಿ ಶುಭ ಶುಕ್ರವಾರದ ಹೊತ್ತಿಗೆ ಯೇಸುಸ್ವಾಮಿಯ ಪಾಡುಗಳನ್ನು ಆಡಿ ತೋರಿಸುವ 'ಮಹಿಮೆ' ನೂರು ವರ್ಷ ದಾಟಿದ ಸಂಪ್ರದಾಯ. ನೋಡಲು ಹೋಗುವವರಿಗೆ ಅದು ಒಂದು ರಾತ್ರಿಯ ನಾಟಕ. ಅಂಥ ಆಟವನ್ನು ಆಡುವ ಊರಿಗಾದರೋ ಅದು ವಾರಗಟ್ಟಲೆ ತಾಲೀಮು: ಮಾತು ಬಾಯಿಪಾಠ ಆಗಬೇಕು, ಹಾಡು ಕೂಡಬೇಕು, ಶಿಲುಬೆ ಹೊರುವವನು ನಡಿಗೆ ಕಲಿಯಬೇಕು. ಪಾತ್ರ ಇರುವ ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರೂ ಊರಿಗೆ ಬರಲೇಬೇಕು. ಜಾತ್ರೆಗೆ ಬರುವವನು ಅತಿಥಿ, ತಾಲೀಮಿಗೆ ಬರುವವನು ಊರಿನವನು. ನಿಮ್ಮ ಸಭೆಗೆ ಇಪ್ಪತ್ತಾರು ಜನ ದಾನಿಗಳಿದ್ದಾರೆ ಎಂದಿರಿ. ಅವರಿಗೆ ಅಲ್ಲಿ ಯಾವ ಪಾತ್ರವಿದೆ?

ನಮ್ಮಲ್ಲಿಯೂ ಎಲ್ಲವೂ ಚೆನ್ನಾಗಿದೆಯೆಂದು ತಿಳಿಯಬೇಡಿ. ಎರಡನೆಯ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆದು ಲ್ಯಾಟಿನ್ ಜಾಗಕ್ಕೆ ಜನರ ಭಾಷೆ ಬಂದಾಗ ನಮ್ಮ ಅಜ್ಜಂದಿರು ಮೊದಲ ಬಾರಿಗೆ ಪೂಜೆಯಲ್ಲಿ ಬಾಯಿ ಬಿಟ್ಟು ಉತ್ತರಿಸಿದರು. ಆದರೆ ಬೆಂಗಳೂರಿನಲ್ಲಿ ಯಾವ ಭಾಷೆಯಲ್ಲಿ ಎಷ್ಟು ಪೂಜೆ ಎಂಬ ಜಗಳದಲ್ಲಿ ದಶಕಗಳನ್ನು ಕಳೆದೆವು. ಆ ಶಕ್ತಿಯ ಕಾಲು ಭಾಗ ಹಳ್ಳಿಯ ಉಪದೇಶಿಗಳ ತರಬೇತಿಗೆ ಹೋಗಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಎರಡನೇ ಶಿಫ್ಟು, ಪೀಣ್ಯ

ಹಿರಿಯರೆಲ್ಲ ಯುವಕರು ಸಭೆ ಬಿಟ್ಟರು ಎನ್ನುತ್ತಿದ್ದೀರಿ. ಸ್ವಾಮಿ, ನಾವು ಎಲ್ಲಿಗೂ ಹೋಗಿಲ್ಲ, ನಾಗಸಂದ್ರದ ಬಾಡಿಗೆ ರೂಮಿನಲ್ಲಿದ್ದೇವೆ. ನಾನು ಮಧುಗಿರಿ ಕಡೆಯವನು. ನಮ್ಮ ರೂಮಿನ ಸಾಲಿನಲ್ಲಿಯೇ ನಾಲ್ಕು ಊರುಗಳ ಒಂಬತ್ತು ಮಂದಿ ಸಭೆಯ ಹುಡುಗರಿದ್ದೇವೆ. ಗಾರ್ಮೆಂಟ್ಸಿನಲ್ಲಿ ಹುಡುಗಿಯರು ಇನ್ನೂ ಹೆಚ್ಚು.

ನಾನು ಬಂದ ಹೊಸದರಲ್ಲಿ ಊರಿನ ಅಭ್ಯಾಸದಂತೆ ನಗರದ ಒಂದು ದೊಡ್ಡ ಕನ್ನಡ ಸಭೆಗೆ ಹೋದೆ. ಎಂಟು ತಿಂಗಳು ಹೋದೆ. ಅಷ್ಟರಲ್ಲಿ ನನ್ನ ಹೆಸರು ಕೇಳಿದವರು ಒಬ್ಬರೇ, ಅದೂ ಗಾಡಿ ಅಡ್ಡ ನಿಲ್ಲಿಸಿದ್ದಕ್ಕೆ. ಸದಸ್ಯತ್ವಕ್ಕೆ ಊರಿನ ಸಭೆಯಿಂದ ಪತ್ರ ತರಬೇಕೆಂದರು. ಪತ್ರ ಕೊಡಬೇಕಾದ ಅಯ್ಯನವರು ಊರಿಗೆ ಬರುವುದು ತಿಂಗಳಿಗೊಮ್ಮೆ, ನನಗೆ ರಜೆ ಸಿಗುವುದು ಆ ವಾರವಲ್ಲ. ಆಮೇಲೆ ನಮ್ಮ ಬೀದಿಯಲ್ಲಿಯೇ ಮೊದಲ ಮಹಡಿಯಲ್ಲಿ ನಡೆಯುವ ಒಂದು ಪೆಂಟೆಕೋಸ್ಟಲ್ ಕೂಟಕ್ಕೆ ಹೋದೆ. ಮೊದಲ ದಿನವೇ ಹೆಸರು, ಊರು, ಶಿಫ್ಟು ಎಲ್ಲ ಕೇಳಿದರು, ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟರು. ನಾನು ಅಲ್ಲಿಯೇ ಉಳಿದೆ. ಇದನ್ನು ಸಭೆ ಬಿಟ್ಟದ್ದು ಎನ್ನುತ್ತೀರೋ ಸಭೆ ಸಿಕ್ಕಿದ್ದು ಎನ್ನುತ್ತೀರೋ ನಿಮಗೆ ಬಿಟ್ಟದ್ದು.

ಹಳ್ಳಿಯ ಸಭೆಯನ್ನು ಉಳಿಸುವ ಕೆಲಸ ಹಳ್ಳಿಯಲ್ಲಿ ಮಾತ್ರ ಆಗುವುದಿಲ್ಲ ಎಂಬುದಕ್ಕಾಗಿ ಇಷ್ಟು ಬರೆದೆ. ಊರಿನ ಹುಡುಗರನ್ನು ಇಲ್ಲಿ ಹುಡುಕಿ ಒಟ್ಟಿಗೆ ಇಟ್ಟುಕೊಂಡರೆ ಅವರು ಊರಿಗೂ ಹೋಗುತ್ತಾರೆ.

ನಿವೃತ್ತ ಸಭಾಪಾಲಕ, ಚಿಕ್ಕಬಳ್ಳಾಪುರ

ತಮ್ಮಾ, ನಿನ್ನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆ ಪತ್ರದ ನಿಯಮವನ್ನು ನಾನೂ ನನ್ನ ಕಾಲದಲ್ಲಿ ಕಟ್ಟುನಿಟ್ಟಾಗಿ ಪಾಲಿಸಿದವನೇ. ಕ್ಷಮೆ ಇರಲಿ.

ಬಾಸೆಲ್ ಹೆಂಚು, ಬೆಂಗಳೂರು

ನಮ್ಮ ಮೂಲ ಬೆಟಗೇರಿ. ಹಣಕ್ಕಿಂತ ಸಭೆಯ ಹಿರಿಯರು ಮುಖ್ಯ ಎನ್ನುವುದಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಇತಿಹಾಸವನ್ನು ನೋಡಬಹುದು. 1834ರಲ್ಲಿ ಮಂಗಳೂರಿಗೆ ಬಂದವರು 1837ರಲ್ಲಿ ಧಾರವಾಡ ತಲುಪಿದರು. ಮತಾಂತರವಾದವರಿಗೆ ಊರಿನಲ್ಲಿ ಕೆಲಸ ತಪ್ಪುತ್ತಿದ್ದದ್ದರಿಂದ ನೇಯ್ಗೆ ಹಾಗೂ 1865ರಿಂದ ಹೆಂಚಿನ ಕಾರ್ಖಾನೆಗಳನ್ನು ಹಾಕಿದರು. ಒಂದು ಕಡೆ ಅದು ಜನರನ್ನು ಬದುಕಿಸಿತು. ಇನ್ನೊಂದು ಕಡೆ ಅನ್ನ ಕೊಡುವವನೂ ಪ್ರಸಂಗ ಹೇಳುವವನೂ ಒಬ್ಬನೇ ಆದ. 1914ರ ಯುದ್ಧ ಬಂದಾಗ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ವಾಪಸು ಕಳುಹಿಸಿತು, ಕಾರ್ಖಾನೆಗಳೂ ಕೈತಪ್ಪಿದವು. ಸಭಾ ಹಿರಿಯರೂ ದೇಶೀಯ ಉಪದೇಶಿಗಳೂ ಇದ್ದ ಕಡೆ ಆರಾಧನೆ ನಡೆಯುತ್ತಲೇ ಹೋಯಿತು ಎಂದು ನಮ್ಮ ಮನೆಯಲ್ಲಿ ಅಜ್ಜ ಹೇಳುತ್ತಿದ್ದರು. ಈಗ ಜರ್ಮನರ ಜಾಗದಲ್ಲಿ ಬೆಂಗಳೂರಿನವರು ಕುಳಿತಿದ್ದೇವೆ ಅಷ್ಟೆ. ನಾವು ಕೈಬಿಟ್ಟ ದಿನ ಏನು ಉಳಿಯುತ್ತದೆ ಎಂಬುದನ್ನು ಈಗಲೇ ಯೋಚಿಸಬೇಕು.

ತಾಲ್ಲೂಕು ವಕೀಲ

ಇಷ್ಟು ಹೊತ್ತಾದರೂ ಯಾರೂ ಜಾತಿಯ ಮಾತು ಎತ್ತಲಿಲ್ಲವಾದ್ದರಿಂದ ನಾನು ಎತ್ತಬೇಕಾಗಿದೆ. ನಮ್ಮ ಬಯಲುಸೀಮೆಯ ಹಳ್ಳಿ ಸಭೆಗಳಲ್ಲಿ ಬಹುಪಾಲು ದಲಿತ ಮನೆತನಗಳು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತ ದಲಿತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಅವರಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಜಾಗವಿದೆ, ಆದರೆ ಅದು ಪರಿಶಿಷ್ಟ ಜಾತಿಯ ಸ್ಥಾನಕ್ಕೆ ಸಮನಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಅದರಿಂದ ಸಿಗುವುದಿಲ್ಲ. ಈ ವಿಷಯವನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು.

ಇದರ ಪರಿಣಾಮ ಭಾನುವಾರದ ಹಾಜರಿಯಲ್ಲಿ ಕಾಣುತ್ತದೆ. ಒಂದೇ ಮನೆಯಲ್ಲಿ ಅಜ್ಜಿ ಸಭೆಯ ರಿಜಿಸ್ಟರಿನಲ್ಲಿದ್ದಾಳೆ, ಮಗ ಬಾಗಿಲ ಹೊರಗೆ ಜಗಲಿಯಲ್ಲಿ ಕೂತು ಹಾಡು ಕೇಳುತ್ತಾನೆ, ಮೊಮ್ಮಗಳನ್ನು ಹಾಸ್ಟೆಲ್ ಸೀಟು ಸಿಗುವ ತನಕ ದೀಕ್ಷಾಸ್ನಾನಕ್ಕೆ ತರುವುದಿಲ್ಲ. ನಿಮ್ಮ ಹನ್ನೊಂದು ಎಂಬ ಅಂಕಿ ಜಗಲಿಯನ್ನು ಎಣಿಸಿಲ್ಲ, ಹಾರ್ಮೋನಿಯಂ ಅವರೇ. ಅವರನ್ನು ಹೇಡಿಗಳೆಂದೋ ಅವಕಾಶವಾದಿಗಳೆಂದೋ ಪೀಠದಿಂದ ಬೈಯುವ ಪ್ರಸಂಗಗಳನ್ನು ನಾನು ಕೇಳಿದ್ದೇನೆ. ಬೈದವರ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದಿದವರು.

ಇನ್ನೊಂದು ವಿನಂತಿ. ನಗರದಿಂದ ಬರುವವರು ಹಳ್ಳಿಯ ಆರಾಧನೆಯ ಫೋಟೋ, ವೀಡಿಯೊ ತೆಗೆದು ತಮ್ಮ ಸಭೆಯ ಗುಂಪುಗಳಲ್ಲಿಯೂ ಫೇಸ್‌ಬುಕ್ಕಿನಲ್ಲಿಯೂ 'ಇಂಥ ಊರಿನಲ್ಲಿ ಸೇವೆ' ಎಂದು ಹಾಕುವುದನ್ನು ದಯವಿಟ್ಟು ನಿಲ್ಲಿಸಬೇಕು. ಎರಡು ವರ್ಷಗಳ ಹಿಂದೆ ಇಂಥ ಒಂದು ಚಿತ್ರ ಸುತ್ತಿ ಸುತ್ತಿ ಅದೇ ಊರಿಗೆ ವಾಪಸು ಬಂತು. ಸೀರೆ ಹಂಚುತ್ತಿದ್ದ ಚಿತ್ರ. ಮುಂದಿನ ವಾರ ಠಾಣೆಗೆ ಹೋಗಿ ವಿವರಣೆ ಕೊಟ್ಟವರು ಆ ಊರಿನ ಕೂಲಿಯವರು. ಚಿತ್ರ ಹಾಕಿದವರು ಬೆಂಗಳೂರಿನಲ್ಲಿದ್ದರು. ನಾನೇ ಅವರ ಜೊತೆ ಹೋಗಿದ್ದೆ.

ಲೆಕ್ಕ ಬಲ್ಲವನು, ಬೆಂಗಳೂರು

ಸ್ಮಶಾನದ ಮಾತನ್ನೂ ಜಗಲಿಯ ಮಾತನ್ನೂ ಒಪ್ಪುತ್ತೇನೆ. ಆದರೂ ಉಪದೇಶಿಯ ಖರ್ಚು ಎಲ್ಲಿಂದ ಎಂಬುದನ್ನು ಯಾರಾದರೂ ಬರೆಯಲಿ. ಕುಂಬಳಕಾಯಿಯಿಂದ ಒಬ್ಬರ ಸಂಸಾರ ನಡೆಯುವುದಿಲ್ಲ.

ನಿವೃತ್ತ ಸಭಾಪಾಲಕ, ಚಿಕ್ಕಬಳ್ಳಾಪುರ

ನಡೆಯಬೇಕಾಗಿಯೂ ಇಲ್ಲ. ಪೂರ್ಣ ಸಂಬಳದ ಉಪದೇಶಿ ಎಂಬ ಕಲ್ಪನೆಯನ್ನೇ ಸ್ವಲ್ಪ ಬದಿಗಿಡೋಣ. ಊರಿನಲ್ಲಿಯೇ ಇರುವ, ತನ್ನ ಅನ್ನವನ್ನು ತಾನು ದುಡಿಯುವ ಒಬ್ಬರನ್ನು ಆರಿಸಿ ಕಲಿಸಬೇಕು. ಡೋರ್ನಕಲ್ಲಿನ ಬಿಷಪ್ ವಿ. ಎಸ್. ಅಜರಾಯರು, 1912ರಲ್ಲಿ ಅಭಿಷಿಕ್ತರಾದ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ಪರು, ತೆಲುಗು ಹಳ್ಳಿಗಳಲ್ಲಿ ಇದನ್ನೇ ಮಾಡಿದರು. ಹಳ್ಳಿಯ ಸೇವಕರನ್ನು ಹೆಂಡತಿಯರ ಸಮೇತ ಕರೆದು ಕಲಿಸುತ್ತಿದ್ದರು, ಏಕೆಂದರೆ ಅರ್ಧ ಸೇವೆ ಅಡುಗೆಮನೆಯಲ್ಲಿ ನಡೆಯುತ್ತದೆಂದು ಅವರಿಗೆ ಗೊತ್ತಿತ್ತು. ಓದಲು ಸೆಮಿನರಿಗೇ ಹೋಗಬೇಕೆಂದಿಲ್ಲ. ಪುಸ್ತಕವನ್ನು ಮನೆಯಲ್ಲಿ ಓದಿ, ವಾರಕ್ಕೊಮ್ಮೆ ಗುಂಪಿನಲ್ಲಿ ಕೂತು ಚರ್ಚಿಸುವ ವಿಧಾನ 1963ರಲ್ಲಿ ಗ್ವಾಟೆಮಾಲಾದಲ್ಲಿ ಹುಟ್ಟಿತು. ಆ ಕೆಲಸಕ್ಕೆಂದೇ ಟಾಫ್ಟಿ ಎಂಬ ಸಂಸ್ಥೆ ನಮ್ಮ ಬೆಂಗಳೂರಿನ ನೆಲದಲ್ಲಿಯೇ 1971ರಿಂದ ಇದೆ. ಹೆಂಗಸರಿಗೆ ಅಭಿಷೇಕವನ್ನೇ ದಕ್ಷಿಣ ಭಾರತ ಸಭೆ 1976ರಲ್ಲಿ ಕೊಟ್ಟ ಮೇಲೆ, ಕೀರ್ತನೆ ಓದುವ ಆ ತಾಯಿಯನ್ನು ಪಟ್ಟಿಗೆ ಸೇರಿಸಲು ಯಾರ ಅಡ್ಡಿಯಿದೆ?

ಒಂದು ಷರತ್ತು. ಬೆಂಗಳೂರಿನವರು ಹಣ ಕೊಡುವುದಾದರೆ ಪುಸ್ತಕಕ್ಕೆ, ಪ್ರಯಾಣಕ್ಕೆ, ತರಬೇತಿಗೆ ಕೊಡಿ. ಗೌರವಧನದಲ್ಲಿ ಅರ್ಧವಾದರೂ ಊರಿನಿಂದಲೇ ಬರಲಿ, ಅದು ಇನ್ನೂರು ರೂಪಾಯಿಯಾದರೂ ಸರಿ. ಪೂರ್ತಿ ನೀವೇ ಕೊಟ್ಟರೆ ಆ ಮನುಷ್ಯ ನಿಮ್ಮ ಆಳಾಗುತ್ತಾನೆ, ಸಭೆಯ ಸೇವಕನಾಗುವುದಿಲ್ಲ.

ಹಳೇ ಹಾರ್ಮೋನಿಯಂ, ಬೆಂಗಳೂರು

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಈ ನಡುವೆ ಮೂರು ಸಲ ಊರಿಗೆ ಹೋಗಿ ಬಂದೆ. ಕಲ್ಲಿನ ಮೇಲೆ ಹೆಸರಿರುವ ಇಪ್ಪತ್ತಾರು ಜನರಿಗೂ ಫೋನ್ ಮಾಡಿದೆ. ನಾಲ್ವರು ಜೊತೆಗೆ ಬಂದರು. ಊಟದ ಪೊಟ್ಟಣ, ಸೀರೆ, ಬ್ಯಾನರ್ ಯಾವುದನ್ನೂ ಒಯ್ಯಲಿಲ್ಲ. ಮೊದಲ ಸಲ ಊರಿನವರಿಗೇ ಗಲಿಬಿಲಿಯಾಯಿತು. "ಏನು ವಿಶೇಷ, ಯಾರ ಮದುವೆ?" ಎಂದು ಕೇಳಿದರು. ವಿಶೇಷವೇನಿಲ್ಲ, ಆರಾಧನೆಗೆ ಬಂದೆವು ಎಂದರೆ ನಂಬಲಿಲ್ಲ.

ರಾಗಿ ಡಬ್ಬ ಅಕ್ಕನವರ ಮಾತಿನಂತೆ ಹೊತ್ತು ಬದಲಾಯಿಸುವ ವಿಷಯವನ್ನು ಸಭೆಯ ಮುಂದಿಟ್ಟೆವು. ಎರಡು ವಾರ ವಾದ ನಡೆಯಿತು. ರಾತ್ರಿ ಆರಾಧನೆ ಮಾಡಿದರೆ ಅದು ಭಾನುವಾರದ್ದಾಗುತ್ತದೆಯೇ ಎಂದು ಒಬ್ಬ ಹಿರಿಯರು ಕೇಳಿದರು. ಮೊದಲನೆಯ ಕರ್ತನ ಭೋಜನ ರಾತ್ರಿಯಲ್ಲವೇ ನಡೆದದ್ದು ಎಂದು ವಾರಗಿತ್ತಿ ದೊಡ್ಡಮ್ಮ ಅಂದ ಮೇಲೆ ಅವರು ಸುಮ್ಮನಾದರು. ಸಭಾಪಾಲಕರೂ ಒಪ್ಪಿದರು, ಅವರಿಗೂ ಏಳು ಊರುಗಳ ನಡುವೆ ಒಂದು ಸಂಜೆ ಹೊಂದಿತು. ಕಳೆದ ಭಾನುವಾರ ಒಳಗೆ ಹತ್ತೊಂಬತ್ತು ಜನ. ವಕೀಲರು ಹೇಳಿದ ಮೇಲೆ ಜಗಲಿಯನ್ನೂ ನೋಡಿದೆ. ಅಲ್ಲಿ ಎಂಟು ಜನರಿದ್ದರು. ಚಳಿ ಎಂದು ಅವರಿಗೆ ಎರಡು ಚಾಪೆ ಹಾಕಿಸಿದೆವು. ಏನೂ ಕೇಳಲಿಲ್ಲ, ಒಳಗೆ ಬನ್ನಿ ಎಂದೂ ಒತ್ತಾಯಿಸಲಿಲ್ಲ.

ಉಪದೇಶಿ ಮನೆಯ ಬೀಗದ ಕೈ ಯಾರ ಬಳಿಯೂ ಇರಲಿಲ್ಲ, ಕೊನೆಗೆ ಕೊಂಡಿ ಮುರಿಸಬೇಕಾಯಿತು. ಒಳಗೆ ನಾವು ಹಾಕಿಸಿ ಉಳಿದ ಟೈಲ್ಸಿನ ಹದಿನಾಲ್ಕು ಡಬ್ಬಗಳಿದ್ದವು, ಅವುಗಳ ಹಿಂದೆ ಗೆದ್ದಲು ಹಿಡಿದ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಹಳೆಯ ಹಾಜರಿ ಪುಸ್ತಕಗಳು. ಒಂದು ಪುಸ್ತಕದಲ್ಲಿ ಸಂಡೇ ಸ್ಕೂಲಿನ ಸಾಲಿನಲ್ಲಿ ನನ್ನ ಹೆಸರಿತ್ತು, ಮುಂದೆ ಮೂರು ವಾರ ಗೈರುಹಾಜರಿ ಗುರುತು, ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಮನೆಗೆ ಹೋಗಿ ವಿಚಾರಿಸಿದೆ, ಅಮ್ಮ' ಎಂದು ಬರೆದಿತ್ತು. ಅಮ್ಮ ಎಂದರೆ ಅಮ್ಮ ಬಂದಿದೆ ಎಂದು. ನನಗೆ ಆಗ ಸಿಡುಬಿನಂಥದ್ದೇನೋ ಬಂದಿತ್ತಂತೆ.

ಆ ಮನೆಯಲ್ಲಿ ಈಗ ಬುಧವಾರ ಸಂಜೆ ಐದು ಮಂದಿ ಕೂತು ಓದುತ್ತಿದ್ದಾರೆ. ನಿವೃತ್ತರಾದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಅವರಲ್ಲಿ ಚುರುಕು. ಮೊದಲ ಪ್ಲಾನಿನಲ್ಲಿ ಎರಡನೇ ಭಾನುವಾರದ ಮುಂದೆ ಅವರ ಹೆಸರೇ ಇದೆ. ಪೀಣ್ಯದ ತಮ್ಮನಿಗೆ ಒಂದು ವಿನಂತಿ: ನಿನ್ನ ಒಂಬತ್ತು ಮಂದಿಯಲ್ಲಿ ಯಾರಿಗಾದರೂ ಹಾರ್ಮೋನಿಯಂ ರೀಡ್ ಕೂರಿಸಲು ಬರುತ್ತದೆಯೇ ಕೇಳು, ದೇವಾಲಯದ ಹಾರ್ಮೋನಿಯಂನ ಎರಡು ಮನೆ (ಕೀಲಿ) ಮೂಕವಾಗಿವೆ. ನಾವು ಎರಡನೇ ಭಾನುವಾರ ಮಧ್ಯಾಹ್ನ ಎರಡೂವರೆಗೆ ಗೊರಗುಂಟೆಪಾಳ್ಯದ ಬಸ್ ಸ್ಟಾಪಿನಲ್ಲಿರುತ್ತೇವೆ. ಬರುವವರು ಬರಿಗೈಯಲ್ಲಿ ಬನ್ನಿ, ಫೋನು ಜೇಬಿನಲ್ಲಿರಲಿ. ವಾಪಸು ಕೊನೆಯ ಬಸ್ಸು ಆರಾಧನೆಗೆ ಮೊದಲೇ ಹೊರಟುಹೋಗುವುದರಿಂದ ರಾತ್ರಿ ಅಲ್ಲಿಯೇ ಉಳಿಯಬೇಕಾಗುತ್ತದೆ.